ಏಣಿ ಮಕ್ಕಳ ಕೈಗೇ ಕೊಡಿ: 4, 5ನೇ ತರಗತಿಯ ಇಂಗ್ಲಿಷಿಗೊಂದು ಕೈಪಿಡಿ

ಜೂನ್ ತಿಂಗಳು, 4ನೇ ತರಗತಿ. ಹಲಗೆಯ ಮೇಲೆ ‘ಮೈ ನೇಮ್ ಈಸ್’ ಅಂತ ಇಂಗ್ಲಿಷಿನಲ್ಲಿ ಬರೆದು ಮುಂದೆ ಒಂದು ಗೆರೆ ಎಳೆದಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಬೇಕು. ಎರಡನೇ ಸಾಲಿನ ಹುಡುಗಿ ಎದ್ದಳು, ಕೈಕಟ್ಟಿದಳು, ಗಟ್ಟಿಯಾಗಿ ಹೇಳಿದಳು: ‘ಮೈ ನೇಮ್ ಈಸ್ ಡ್ಯಾಶ್.’ ಅವಳ ಹಿಂದೆ ಇನ್ನೂ ನಾಲ್ಕು ಮಕ್ಕಳು ಡ್ಯಾಶ್ ಆದರು.

ಆಗ ನಗು ಬಂತು. ಸಂಜೆ ಬಸ್ಸಿನಲ್ಲಿ ಕೂತಾಗ ನಗು ಹೋಯ್ತು. ಆ ಹುಡುಗಿ ದಡ್ಡಿಯೇನಲ್ಲ. ಹಿಂದಿನ ವರ್ಷ ನಲಿ-ಕಲಿ (1ರಿಂದ 3ನೇ ತರಗತಿಯ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಾವೇ ಕಲಿಯುವ ಪದ್ಧತಿ) ಕೋಣೆಯಲ್ಲಿ ತಾನೇ ಎದ್ದು ಹೋಗಿ ಕಾರ್ಡ್ ತೆಗೆದುಕೊಂಡು, ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕೋ ಅಲ್ಲಿಗೇ ಬಂದು ಕೂರುತ್ತಿದ್ದವಳು. ನನ್ನ ವಾಕ್ಯ ಮಾತ್ರ ಅವಳಿಗೆ ತನ್ನದು ಅನ್ನಿಸಿರಲಿಲ್ಲ. ಅದು ಮಿಸ್ಸಿನ ವಾಕ್ಯ. ಮಿಸ್ ಬರೆದದ್ದನ್ನು ಬರೆದ ಹಾಗೇ ಓದಿದಳು, ಅಷ್ಟೇ.

ನಲಿ-ಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು ಮಾಡಿದ ಕೆಲಸ ಅದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತೆ. ಯಾವ ಮೈಲಿಗಲ್ಲು ದಾಟಿದೆ, ಮುಂದೆ ಯಾವುದು ಅನ್ನೋದು ಮಗುವಿಗೇ ಗೊತ್ತಿರುತ್ತೆ. ಹವಾಮಾನ ನಕ್ಷೆ ತುಂಬುವುದು ಮಕ್ಕಳೇ. ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ತಮ್ಮ ಜಾಗದಲ್ಲಿ ಬರೆಯುವುದೂ ಮಕ್ಕಳೇ. ಇದೆಲ್ಲ 3ನೇ ತರಗತಿವರೆಗೆ. 4ಕ್ಕೆ ಬಂದ ಕೂಡಲೇ ಬೆಂಚು, ಪುಸ್ತಕ, ‘ಸೈಲೆನ್ಸ್’. ಏಣಿ ಮಾಯ.

ಬೇರೆ ವಿಷಯಗಳಲ್ಲಿ ಮಗು ಹೇಗೋ ಸುಧಾರಿಸಿಕೊಳ್ಳುತ್ತೆ, ಯಾಕೆಂದರೆ ಅಲ್ಲಿ ಕನ್ನಡ ಇದೆ. ಇಂಗ್ಲಿಷಿನಲ್ಲಿ ಸಿಕ್ಕಿಬೀಳುತ್ತೆ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಇದೆ, ನಿಜ. ಆದರೆ ಹಳ್ಳಿಯ ಮಗುವಿಗೆ ಅದು ಇವತ್ತಿಗೂ ಪಕ್ಕಾ ಪರಭಾಷೆ. ಮನೆಯಲ್ಲಿ ಇಲ್ಲ, ಬೀದಿಯಲ್ಲಿ ಇಲ್ಲ, ಶಾಲೆಯ ಆ 40 ನಿಮಿಷ ಬಿಟ್ಟರೆ ಕಿವಿಗೇ ಬೀಳಲ್ಲ. ತಾಂಡಾದಿಂದ ಬರುವ ಮಗುವಿಗಂತೂ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್.

ಡ್ಯಾಶ್ ಪ್ರಸಂಗದ ನಂತರ ಆ ಏಣಿಯನ್ನು ಇಂಗ್ಲಿಷ್ ಪೀರಿಯಡ್ಡಿಗೆ ತರಲು ನಾನು ಏನೇನು ಮಾಡಿದೆ, ಯಾವುದು ನಡೆಯಿತು, ಯಾವುದು ಕೈಕೊಟ್ಟಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನನ್ನದು 4 ಮತ್ತು 5 ಸೇರಿಸಿ ಕೂರಿಸುವ ತರಗತಿ, ಸುಮಾರು ಮೂವತ್ತು ಮಕ್ಕಳು. ನಿಮ್ಮಲ್ಲಿ ಬೇರೆ ಥರ ಇದ್ದರೆ ಹೊಂದಿಸಿಕೊಳ್ಳಿ.

ಮೊದಲ ಹೆಜ್ಜೆ: ಬರುವ ಇಂಗ್ಲಿಷಿನ ಲೆಕ್ಕ

ಮೊದಲ ವಾರ ಪುಸ್ತಕ ತೆಗೆಸಲೇಬೇಡಿ. ಹಲಗೆಯಲ್ಲಿ ಮೂರು ಕಾಲಂ ಹಾಕಿ: ಮನೆ, ಹೊಲ, ಬಸ್ಸು. ‘ಇಲ್ಲೆಲ್ಲ ನೀವು ದಿನಾ ಆಡೋ ಇಂಗ್ಲಿಷ್ ಪದ ಹೇಳಿ’ ಅನ್ನಿ. ‘ನಮಗೆ ಇಂಗ್ಲಿಷ್ ಬರಲ್ಲ ಮಿಸ್’ ಅಂತಾರೆ. ‘ನೆನ್ನೆ ರಾತ್ರಿ ಊರಲ್ಲಿ ಏನು ಹೋಗಿತ್ತು?’ ಅಂತ ಕೇಳಿ. ‘ಕರೆಂಟ್!’ ಅಲ್ಲಿಂದ ಕೆರೆ ಕೋಡಿ ಬಿದ್ದ ಹಾಗೆ ಬರುತ್ತೆ. ಸ್ವಿಚ್, ಬಲ್ಬ್, ಚಾರ್ಜರ್, ಕುಕ್ಕರ್, ರಿಮೋಟ್. ಹೊಲಕ್ಕೆ ಬಂದರೆ ಮೋಟರ್, ಪೈಪ್, ಸ್ಟಾರ್ಟರ್, ಡ್ರಿಪ್, ಟ್ರ್ಯಾಕ್ಟರ್. ಬಸ್ಸಿನಲ್ಲಿ ಟಿಕೆಟ್, ಸೀಟ್, ಸ್ಟಾಪ್, ಕಂಡಕ್ಟರಣ್ಣನ ‘ರೈಟ್ ರೈಟ್’. ಕ್ರಿಕೆಟ್ಟಿಗೆ ನಾಲ್ಕನೇ ಕಾಲಂ ಹಾಕಲೇಬೇಕಾಗುತ್ತೆ, ಹುಡುಗರು ಬಿಡಲ್ಲ.

ನಮ್ಮಲ್ಲಿ ಒಂದೇ ಪೀರಿಯಡ್ಡಿಗೆ ನೂರು ದಾಟಿತು. ‘ಹಾಗಾದ್ರೆ ನಿಮಗೆ ಈಗಾಗಲೇ ನೂರು ಪದ ಬರುತ್ತಲ್ಲಾ’ ಅಂದಾಗ ಅವರ ಮುಖ ನೋಡಬೇಕಿತ್ತು. ಒಬ್ಬ ಹುಡುಗ ‘ಬೋರ್’ ಅನ್ನು ಎರಡು ಸಲ ಬರೆಸಿದ. ತೋಟದ ಬೋರ್ ಬೇರೆ, ‘ಬೋರಾಯ್ತು’ ಅನ್ನೋದು ಬೇರೆ ಅಂತ. ಸರಿಯಾಗಿಯೇ ಹೇಳಿದ.

ಎರಡನೇ ದಿನ ಮನೆಯಿಂದ ಖಾಲಿ ಕವರ್, ಪೊಟ್ಟಣ ತರಲು ಹೇಳಿ. ಬಿಸ್ಕತ್ತು, ಸೋಪು, ಶಾಂಪೂ ಪ್ಯಾಕೆಟ್, ಟೂತ್‌ಪೇಸ್ಟ್ ಡಬ್ಬ. ಕನ್ನಡದಲ್ಲಿ ಆಡೋ ಪದ ಇಂಗ್ಲಿಷಿನಲ್ಲಿ ಬರೆದರೆ ಹೇಗೆ ಕಾಣುತ್ತೆ ಅನ್ನೋದನ್ನು ಅವರೇ ಹುಡುಕಲಿ. ಒಂದು ಎಚ್ಚರ: ‘ಔಷಧಿ ಡಬ್ಬ ತರಬೇಡಿ’ ಅಂತ ಬಿಡಿಸಿ ಹೇಳಿ. ನಾನು ಹೇಳಲು ಮರೆತಿದ್ದೆ. ಹುಡುಗನೊಬ್ಬ ಹೊಲಕ್ಕೆ ಹೊಡೆಯುವ ಔಷಧಿಯ ಖಾಲಿ ಬಾಟಲಿಯನ್ನು ಬ್ಯಾಗಿನಲ್ಲಿ, ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಬಂದ. ಅವತ್ತು ಪಾಠ ನಡೆದದ್ದು ಕೈ ತೊಳೆಯುವುದರ ಮೇಲೆ.

ಎರಡನೇ ಹೆಜ್ಜೆ: ‘ನಿನಗೆ ಇಂಗ್ಲಿಷ್ ಯಾತಕ್ಕೆ ಬೇಕು?’

ಈ ಪ್ರಶ್ನೆಯನ್ನು ಮಕ್ಕಳಿಗೆ ಯಾರೂ ಕೇಳಿರಲ್ಲ. ಮೊದಲ ಉತ್ತರಗಳು ದೊಡ್ಡವರ ಬಾಯಿಂದ ಬಂದವೇ ಆಗಿರುತ್ತವೆ: ‘ಕೆಲಸ ಸಿಗಕ್ಕೆ’, ‘ಡಾಕ್ಟರ್ ಆಗಕ್ಕೆ’. ಅದನ್ನು ಬರೆದುಕೊಂಡು, ‘ಸರಿ, ಈ ತಿಂಗಳು ಯಾತಕ್ಕೆ ಬೇಕು?’ ಅಂತ ಮತ್ತೆ ಕೇಳಿ. ಆಗ ನಿಜವಾದ ಉತ್ತರ ಬರುತ್ತೆ. ನಮ್ಮಲ್ಲಿ ಬಂದದ್ದು: ಮೊಬೈಲ್ ಗೇಮಿನಲ್ಲಿ ಏನು ಬರೆದಿದೆ ಓದಬೇಕು. ಬೇಸಿಗೆ ರಜಕ್ಕೆ ಬರುವ ಬೆಂಗಳೂರಿನ ಮಾವನ ಮಗಳ ಹತ್ತಿರ ಒಂದು ಮಾತಾದರೂ ಆಡಬೇಕು. ಟಿವಿಯಲ್ಲಿ ಸ್ಕೋರ್ ಓದಬೇಕು. ಅಜ್ಜಿಯ ಮಾತ್ರೆಯ ಮೇಲಿನ ಡೇಟ್ ನೋಡಬೇಕು.

ಮಾತ್ರೆಯ ವಿಷಯ ಹೇಳಿದವಳು ಅದೇ ಡ್ಯಾಶ್ ಹುಡುಗಿ. ಅವಳ ಅಜ್ಜಿಗೆ ಬಿಪಿ. ಮನೆಯಲ್ಲಿ ಹಳೆ ಮಾತ್ರೆ, ಹೊಸ ಮಾತ್ರೆ ಎಲ್ಲ ಒಂದೇ ಡಬ್ಬದಲ್ಲಿ. ಪುಸ್ತಕದಲ್ಲಿ ತಿಂಗಳುಗಳ ಹೆಸರಿನ ಪಾಠ ಬರಲು ಇನ್ನೂ ಎರಡು ತಿಂಗಳಿತ್ತು. ಅದನ್ನು ಜುಲೈಗೇ ಎಳೆದುಕೊಂಡೆ. ಮಾತ್ರೆಯ ಹಾಳೆಯ ಮೇಲೆ ತಿಂಗಳು ಒಮ್ಮೊಮ್ಮೆ ಅಂಕಿಯಲ್ಲಿ ಇರುತ್ತೆ, ಒಮ್ಮೊಮ್ಮೆ ಮೂರೇ ಅಕ್ಷರದಲ್ಲಿ. ಹಾಗಾಗಿ ಹನ್ನೆರಡು ತಿಂಗಳ ಮೂರಕ್ಷರದ ರೂಪವನ್ನೂ ಕಲಿಸಿದೆ. ತಯಾರಾದ ದಿನ ಯಾವುದು, ಮುಗಿಯುವ ದಿನ ಯಾವುದು ಅನ್ನೋ ಎರಡು ಗುರುತನ್ನೂ ಹಲಗೆಯ ಮೇಲೆ ಬರೆದೆ. ಖಾಲಿ ಹಾಳೆ ಮಾತ್ರ ತರಬೇಕು, ಮಾತ್ರೆ ಇರುವುದನ್ನು ಮುಟ್ಟಬಾರದು, ಡೇಟ್ ಮುಗಿದಿದ್ದರೆ ದೊಡ್ಡವರಿಗೆ ಹೇಳಬೇಕು ಅಂತ ಕಟ್ಟಪ್ಪಣೆ. ಹನ್ನೆರಡು ತಿಂಗಳ ಹೆಸರು ಅಷ್ಟು ಬೇಗ ಬಾಯಿಗೆ ಬಂದದ್ದು ನನ್ನ ಅನುಭವದಲ್ಲೇ ಮೊದಲು.

ಹೀಗೆ ಮಕ್ಕಳು ಹೇಳಿದ್ದರಲ್ಲಿ ತಿಂಗಳಿಗೆ ಎರಡು ಆರಿಸಿ. ಆರಿಸುವುದು ಓಟಿನ ಮೂಲಕ ಆಗಲಿ, ಹುಣಸೆಬೀಜ ಹಾಕಿಸಿದರೂ ಸಾಕು. ಪಠ್ಯ ಬಿಡಿ ಅಂತ ನಾನು ಹೇಳುತ್ತಿಲ್ಲ. ‘ಪಾಠ ಎಲ್ಲಿಗೆ ಬಂತು?’ ಅಂತ ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳೋದು ಎಲ್ಲರಿಗೂ ಗೊತ್ತು. ಮಕ್ಕಳ ಬೇಡಿಕೆ ಯಾವ ಪಾಠಕ್ಕೆ ಹೊಂದುತ್ತೆ ನೋಡಿ, ಆ ಪಾಠವನ್ನು ಹಿಂದೆಮುಂದೆ ಮಾಡಿಕೊಳ್ಳಿ. ಹೆಚ್ಚು ಕಡಿಮೆ ಎಲ್ಲದಕ್ಕೂ ಎಲ್ಲೋ ಒಂದು ಕೊಂಡಿ ಸಿಗುತ್ತೆ.

ಮೂರನೇ ಹೆಜ್ಜೆ: ‘ನನಗೆ ಬರುತ್ತೆ’ ಹಾಳೆ

ಇದೇ ಏಣಿ. ಯುರೋಪಿನಲ್ಲೂ ಇದರ ಹತ್ತಿರದ ನೆಂಟನೊಂದು ಇದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ‘ಯುರೋಪಿಯನ್ ಲ್ಯಾಂಗ್ವೇಜ್ ಪೋರ್ಟ್‌ಫೋಲಿಯೊ’ ಅಂತ ಒಂದು ಕಡತವನ್ನು ಬಳಕೆಗೆ ತಂದಿತು. ಅದರಲ್ಲಿ ಮೂರು ಭಾಗ. ನನಗೆ ಯಾವ ಯಾವ ಭಾಷೆ ಬರುತ್ತೆ ಅನ್ನೋ ಪಾಸ್‌ಪೋರ್ಟ್. ಹೇಗೆ ಕಲಿತೆ, ಏನೇನು ಮಾಡಬಲ್ಲೆ ಅನ್ನೋ ನನ್ನ ಭಾಷೆಯ ಕಥೆ. ನಾನು ಮಾಡಿದ ಕೆಲಸದ ಕಟ್ಟು. ಚಿಕ್ಕ ಮಕ್ಕಳಿಗೂ ಅದರ ರೂಪಗಳಿವೆ. ಅಲ್ಲಿ ಫ್ರೆಂಚ್ ಕಲಿಯುವ ಮಗು ತನ್ನ ಹಾಳೆಯಲ್ಲಿ ತಾನೇ ಗುರುತು ಹಾಕುತ್ತೆ. ನಮ್ಮ ನಲಿ-ಕಲಿ ಮಗು ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ?

ಪಾಸ್‌ಪೋರ್ಟ್ ಅನ್ನೋ ಯೋಚನೆ ನನಗೆ ತುಂಬ ಹಿಡಿಸಿತು. ಹಾಳೆಯ ಮೊದಲ ಪುಟದಲ್ಲಿ ‘ನನಗೆ ಬರುವ ಭಾಷೆಗಳು’ ಅಂತ ಬರೆಸಿದೆ. ತಾಂಡಾದ ಹುಡುಗ ಲಂಬಾಣಿ, ಕನ್ನಡ, ಟಿವಿಯಿಂದ ಬಂದ ಅರ್ಧ ಹಿಂದಿ, ಸ್ವಲ್ಪ ಇಂಗ್ಲಿಷ್ ಅಂತ ನಾಲ್ಕು ಬರೆದ. ಇಡೀ ತರಗತಿಯಲ್ಲಿ ಅವನದ್ದೇ ಜಾಸ್ತಿ. ಅಲ್ಲಿಯವರೆಗೆ ಅವನನ್ನು ಎಲ್ಲರೂ ‘ಕನ್ನಡ ಸರಿಯಾಗಿ ಬರದವನು’ ಅಂತಿದ್ದರು. ನಾನೂ ಸೇರಿ.

ಹಾಳೆಯನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಕಲಿಕೆಯ ಹಾಳೆ ಇಂಗ್ಲಿಷಿನಲ್ಲೇ ಇರಬೇಕು ಅನ್ನೋ ಹಟ ಬೇಡ. ತನಗೆ ಏನು ಬರುತ್ತೆ ಅನ್ನೋದನ್ನು ಮಗು ಓದಿ ತಿಳಿಯಬೇಕು, ಮನೆಯಲ್ಲಿ ಅಮ್ಮನೂ ಓದಬೇಕು. ಒಂದು ತಿಂಗಳಿಗೆ ಆರೇಳು ಸಾಲು ಸಾಕು. ನಮ್ಮ ಜುಲೈ ಹಾಳೆ ಹೀಗಿತ್ತು:

ನನ್ನ ಹೆಸರು, ಊರು, ತರಗತಿ ಇಂಗ್ಲಿಷಿನಲ್ಲಿ ಹೇಳಬಲ್ಲೆ.
ಗೆಳೆಯನ ಹತ್ತಿರ ಪೆನ್ಸಿಲ್, ರಬ್ಬರ್ ಕೇಳಿ ಪಡೆಯಬಲ್ಲೆ.
ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಅನ್ನಬಲ್ಲೆ.
ತಿಂಗಳುಗಳ ಹೆಸರು ಓದಬಲ್ಲೆ, ಮೂರಕ್ಷರದಲ್ಲಿ ಇದ್ದರೂ ಓದಬಲ್ಲೆ.
ಅಂಗಡಿಯ ಪೊಟ್ಟಣ ನೋಡಿ ಬೆಲೆ ಹೇಳಬಲ್ಲೆ.
ಚಿತ್ರ ನೋಡಿ ಮೂರು ವಾಕ್ಯ ಹೇಳಬಲ್ಲೆ.

ಪ್ರತಿ ಸಾಲಿನ ಮುಂದೆ ಮೂರು ಮನೆ: ಬೀಜ, ಮೊಳಕೆ, ಕಾಯಿ. ಇನ್ನೂ ಇಲ್ಲ ಅಂದರೆ ಬೀಜ, ಅರ್ಧ ಬರುತ್ತೆ ಅಂದರೆ ಮೊಳಕೆ, ಯಾರ ಸಹಾಯವೂ ಬೇಡ ಅಂದರೆ ಕಾಯಿ. ಮೊದಲ ಸಲ ಎಲ್ಲರೂ ಎಲ್ಲಕ್ಕೂ ಕಾಯಿ ಬರೆದರು, ಹತ್ತು ನಿಮಿಷದಲ್ಲಿ ತೋಟವೇ ತುಂಬಿಹೋಯ್ತು. ಗಾಬರಿಯಾಗಬೇಡಿ, ಹೊಡೆದು ಹಾಕಬೇಡಿ. ಒಂದೇ ನಿಯಮ ಸೇರಿಸಿ: ಕಾಯಿ ಬರೆಯುವ ಮೊದಲು ಒಬ್ಬ ಗೆಳೆಯನಿಗೆ ಅದನ್ನು ಮಾಡಿ ತೋರಿಸಬೇಕು, ಗೆಳೆಯ ಪಕ್ಕದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಬೇಕು. ಮರುವಾರ ಅರ್ಧಕ್ಕರ್ಧ ಕಾಯಿಗಳು ಮೊಳಕೆಯಾದವು. ಅಳಿಸಿದವರು ಅವರೇ.

ಇದಕ್ಕಿಂತ ಕಷ್ಟದ್ದು ಸುಮ್ನೆ ಕೂರುವ ಮಕ್ಕಳದ್ದು. ಎಲ್ಲ ಬಂದರೂ ಬೀಜ ಅಂತಲೇ ಬರೆಯುತ್ತವೆ. ಅವರನ್ನು ಎಲ್ಲರ ಮುಂದೆ ಎಬ್ಬಿಸಬೇಡಿ. ಬಿಸಿಯೂಟದ ಸಾಲಿನಲ್ಲಿ ನಿಂತಾಗ ಪಕ್ಕಕ್ಕೆ ಹೋಗಿ, ‘ಇದು ನಿನಗೆ ಬರುತ್ತಲ್ಲ, ಹೇಳು ನೋಡಾಣ’ ಅನ್ನಿ. ಹೇಳಿದರೆ ‘ಹೋಗಿ ಕಾಯಿ ಬರ್ಕೋ’ ಅನ್ನಿ.

ಆಮೇಲೆ ಕೃತಿಸಂಪುಟ, ಅಂದರೆ ಮಗು ಮಾಡಿದ ಕೆಲಸಗಳನ್ನು ಸೇರಿಸಿಡುವ ಕಡತ. ಎಲ್ಲ ಶಾಲೆಯಲ್ಲೂ ಇದೆ, ಆದರೆ ತುಂಬುವವರು ನಾವು, ಅದೂ ಯಾರಾದರೂ ಭೇಟಿಗೆ ಬರುತ್ತಾರೆ ಅನ್ನೋ ಹಿಂದಿನ ದಿನ. ಇಂಗ್ಲಿಷಿನ ಮಟ್ಟಿಗಾದರೂ ಅದನ್ನು ಮಗುವಿಗೆ ಬಿಡಿ. ತಿಂಗಳಿಗೆ ಒಂದೇ ಕೆಲಸ ಹಾಕಬೇಕು, ಯಾವುದು ಅಂತ ಅದೇ ಆರಿಸಬೇಕು, ಯಾಕೆ ಆರಿಸಿದೆ ಅಂತ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಬೇಕು. ‘ಇದರಲ್ಲಿ ನನ್ನ ಅಕ್ಷರ ದುಂಡಗಿದೆ’ ಅಂತ ಬರೆದರೂ ಒಪ್ಪಿಕೊಳ್ಳಿ.

ನಾಲ್ಕನೇ ಹೆಜ್ಜೆ: ‘ಮೇಕಮಿನ್ ಮಿಸ್’

ನಮ್ಮ ಮಕ್ಕಳು ತಪ್ಪದೆ ಆಡುವ ಇಂಗ್ಲಿಷ್ ವಾಕ್ಯ ಯಾವುದು? ‘ಮೇ ಐ ಕಮ್ ಇನ್ ಮಿಸ್’. ನಾಲ್ಕು ಪದ ಸೇರಿ ಒಂದಾಗಿ ‘ಮೇಕಮಿನ್’ ಆಗಿರುತ್ತೆ, ಆದರೂ ಬೇಕಾದ ಕಡೆ, ಬೇಕಾದ ಹೊತ್ತಿಗೆ ಬರುತ್ತೆ. ಅದನ್ನು ಯಾರೂ ಪಾಠ ಮಾಡಿ ಕಲಿಸಿಲ್ಲ. ಒಳಗೆ ಬರಬೇಕಿತ್ತು, ಆ ವಾಕ್ಯವೇ ಬಾಗಿಲಿನ ಚಿಲಕ, ಕಲಿತರು.

ಹಾಗಾದರೆ ಇನ್ನಷ್ಟು ಚಿಲಕ ಕೊಡಿ. ವಾರಕ್ಕೆ ಒಂದೇ. ‘ದಿನಾ ಕನ್ನಡದಲ್ಲಿ ಹೇಳೋ ಯಾವ ಮಾತನ್ನ ಈ ವಾರ ಇಂಗ್ಲಿಷಿನಲ್ಲಿ ಹೇಳೋಣ?’ ಅಂತ ಮಕ್ಕಳನ್ನೇ ಕೇಳಿ. ನಮ್ಮವರು ಆರಿಸಿದ್ದರಲ್ಲಿ ಮೊದಲನೆಯದು ‘ಇವನು ನನ್ನ ತಳ್ತಿದಾನೆ’. ಎರಡನೆಯದು ‘ನನ್ನ ಸರದಿ’. ನಾನು ಆರಿಸಿದ್ದರೆ ‘ಥ್ಯಾಂಕ್ಯೂ’, ‘ಗುಡ್ ಮಾರ್ನಿಂಗ್’ ಅಂತಿದ್ದೆ. ‘ಹೀ ಈಸ್ ಪುಶಿಂಗ್ ಮೀ’ ಅನ್ನೋದು ದಿನಕ್ಕೆ ಇಪ್ಪತ್ತು ಸಲ ಬಳಕೆಯಾಯಿತು, ಕೆಲವು ಸಲ ಯಾರೂ ತಳ್ಳದೆಯೂ. ಆಗಲಿ ಬಿಡಿ.

ಎರಡು ವಾಕ್ಯವನ್ನು ಮಾತ್ರ ನೀವೇ ಹಟ ಹಿಡಿದು ಸೇರಿಸಿ. ಒಂದು, ‘ಇದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳ್ತಾರೆ?’ ಅಂತ ಕೇಳುವ ವಾಕ್ಯ. ಇನ್ನೊಂದು, ಮತ್ತೊಮ್ಮೆ ಹೇಳಿ ಅನ್ನೋದು. ‘ಪ್ಲೀಸ್ ಸೇ ಇಟ್ ಅಗೇನ್’ ಉದ್ದವಾಯಿತು ಅಂತ ಮಕ್ಕಳು ‘ಒನ್ಸ್ ಮೋರ್’ ಮಾಡಿಕೊಂಡರು. ಕಂಪನಿ ನಾಟಕ ನೋಡಿದ ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಇಂಗ್ಲಿಷ್ ಅದು, ಮೊಮ್ಮಕ್ಕಳಿಗೆ ಯಾಕೆ ಬೇಡ? ಈ ಎರಡು ವಾಕ್ಯ ಬಾಯಲ್ಲಿದ್ದರೆ ಮುಂದಿನ ಪದವನ್ನು ಮಗು ತಾನೇ ಕೇಳಿ ಕಲಿಯುತ್ತೆ.

ಐದನೇ ಹೆಜ್ಜೆ: ನಿಯಮ ಅವರೇ ಕಂಡುಹಿಡಿಯಲಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ತರಗತಿ ಬದಲಾದದ್ದು ಇಲ್ಲಿಂದ.

‘ಕರ್ತೃ, ಕ್ರಿಯಾಪದ, ಕರ್ಮ’ ಅಂತ ಬರೆದು ಎಷ್ಟೋ ವರ್ಷ ಕಲಿಸಿದ್ದೆ. ‘ಐ ಮಿಲ್ಕ್ ಡ್ರಿಂಕ್’ ಹೋಗಿರಲಿಲ್ಲ. ಆ ವರ್ಷ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಪದ ಬರೆದೆ. ಮೂರು ಮಕ್ಕಳ ಕೈಗೆ ‘ನಾನು’, ‘ಹಾಲು’, ‘ಕುಡಿಯುತ್ತೇನೆ’. ಸಾಲಾಗಿ ನಿಂತರು. ಅವರ ಎದುರಿಗೆ ಇನ್ನು ಮೂವರು, ಅದೇ ಪದಗಳು ಇಂಗ್ಲಿಷಿನಲ್ಲಿ. ಅವರೂ ಎದುರಿನವರನ್ನು ನೋಡಿ ಅದೇ ಕ್ರಮದಲ್ಲಿ ನಿಂತರು: ಐ, ಮಿಲ್ಕ್, ಡ್ರಿಂಕ್. ನಾನು ಏನೂ ಹೇಳದೆ ‘ಡ್ರಿಂಕ್’ ಹಿಡಿದಿದ್ದ ಹುಡುಗನ ಭುಜ ಹಿಡಿದು ನಡುವೆ ನಿಲ್ಲಿಸಿದೆ. ಓದಿಸಿದೆ.

ಮತ್ತೊಂದು ಗುಂಪು: ‘ನಾವು ಅನ್ನ ತಿನ್ನುತ್ತೇವೆ’. ಎದುರಿಗೆ ‘ವಿ, ರೈಸ್, ಈಟ್’. ಈ ಸಲವೂ ಕೊನೆಯವನನ್ನು ನಡುವೆ ತಂದೆ. ಮೂರನೇ ವಾಕ್ಯಕ್ಕೆ ‘ಈಗ ಯಾರು ಎಲ್ಲಿಗೆ ಹೋಗಬೇಕು?’ ಅಂತ ಕೇಳಿದೆ. ಕಿರುಚಾಟ. ನಾಲ್ಕನೆಯದಕ್ಕೆ ನಾನು ಬಾಗಿಲ ಹತ್ತಿರ ಹೋಗಿ ನಿಂತೆ, ಅವರೇ ನಿಲ್ಲಿಸಿಕೊಂಡರು. ಆಮೇಲೆ ಕೇಳಿದೆ: ‘ಏನು ನಡೀತು ಹೇಳಿ.’ ಸಾಮಾನ್ಯವಾಗಿ ಕಿಟಕಿ ಹೊರಗೆ ನೋಡುತ್ತಾ ಕೂರುವ ಹುಡುಗ ಹೇಳಿದ: ‘ಕನ್ನಡದಲ್ಲಿ ಕೆಲಸದ ಪದ ಕೊನೇಗೆ ನಿಲ್ಲುತ್ತೆ ಮಿಸ್. ಇಂಗ್ಲಿಷಲ್ಲಿ ಮಧ್ಯಕ್ಕೆ ನುಗ್ಗುತ್ತೆ.’

ಅವತ್ತಿನಿಂದ ನಮ್ಮ ತರಗತಿಯಲ್ಲಿ ಕ್ರಿಯಾಪದದ ಹೆಸರು ‘ನುಗ್ಗೋ ಪದ’. ಮರುದಿನ ಯಾರೋ ‘ಐ ಬಾಲ್ ಥ್ರೋ’ ಅಂದರು. ಹಿಂದಿನಿಂದ ಒಟ್ಟಿಗೆ ಕೂಗು: ‘ನುಗ್ಗು! ನುಗ್ಗು!’ ಹೇಳಿದವನು ನಕ್ಕು ಸರಿಮಾಡಿಕೊಂಡ. ನಾನು ತಿದ್ದಿದ್ದರೆ ತಲೆ ತಗ್ಗಿಸುತ್ತಿದ್ದ.

ಎರಡು ವಾರ ಬಿಟ್ಟು ‘ಮೇಜಿನ ಮೇಲೆ’, ‘ಚೀಲದ ಒಳಗೆ’ ತೆಗೆದುಕೊಂಡೆವು. ಕನ್ನಡದಲ್ಲಿ ಮೇಜು ಮೊದಲು, ಮೇಲೆ ಆಮೇಲೆ. ಇಂಗ್ಲಿಷಿನಲ್ಲಿ ‘ಆನ್’ ಮೊದಲು. ಇದಕ್ಕೆ ಅವರಿಟ್ಟ ಹೆಸರು ‘ಹಾರೋ ಪದ’, ಹಿಂದಿನಿಂದ ಮುಂದಕ್ಕೆ ಹಾರುತ್ತೆ ಅಂತ.

ನೀವು ಮಾಡುವಾಗ ಒಂದು ಗಮನವಿರಲಿ. ಮೊದಲ ಸುತ್ತಿನಲ್ಲಿ ‘ನಾನು, ನಾವು, ನೀನು’ ಮಾತ್ರ ಇರಲಿ. ‘ಅವನು, ಅವಳು’ ಬಂದರೆ ಇಂಗ್ಲಿಷಿನಲ್ಲಿ ಕೆಲಸದ ಪದಕ್ಕೆ ಬಾಲ ಬರುತ್ತೆ, ಆಟ ಕೆಡುತ್ತೆ. ಬಾಲದ ಆಟವನ್ನು ಬೇರೆ ದಿನ ಆಡಿಸಿ. ನಾನು ಒಂದೇ ದಿನ ಎರಡನ್ನೂ ತುರುಕಲು ಹೋಗಿ ಎರಡನ್ನೂ ಕಳೆದುಕೊಂಡಿದ್ದೆ.

ಆರನೇ ಹೆಜ್ಜೆ: ಸ್ವಂತ ಪದಕೋಶ

ನಲವತ್ತು ಪುಟದ ಒಂದು ನೋಟ್‌ಬುಕ್. ದಿನಕ್ಕೆ ಎರಡು ಪದ, ಎರಡನ್ನೂ ಮಗುವೇ ಆರಿಸಬೇಕು. ಪದ, ಒಂದು ಚಿತ್ರ, ಬಂದರೆ ಒಂದು ವಾಕ್ಯ. ಹಲಗೆಯ ಮೇಲಿನ ಪದಗಳನ್ನೇ ಎಲ್ಲರೂ ನಕಲು ಮಾಡಿದರೆ ಅದು ಪದಕೋಶ ಅಲ್ಲ, ಕಾಪಿ ಬರಹ.

ಇಂಗ್ಲಿಷ್ ಪದದ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆಯಲು ಬಿಡಬೇಕಾ? ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಜಗಳವೇ ಆಗಿದೆ. ನನ್ನ ಅಭಿಪ್ರಾಯ: ಬಿಡಿ, ಆದರೆ ಪೆನ್ಸಿಲಿನಲ್ಲಿ. ಆ ಪದ ನೋಡಿದ ಕೂಡಲೇ ಓದಲು ಬಂದ ದಿನ ಮಗು ತಾನೇ ಅದನ್ನು ಅಳಿಸಲಿ. ಅಳಿಸುವುದರಲ್ಲಿ ಅವರಿಗೆ ಎಂಥ ಖುಷಿ ಅಂತೀರಿ, ಕಾಯಿ ಬರೆಯುವುದಕ್ಕಿಂತ ಜಾಸ್ತಿ.

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಆ ಅಭ್ಯಾಸದ ಮಗುವಿಗೆ ಇಂಗ್ಲಿಷ್ ಸ್ಪೆಲಿಂಗ್ ದೊಡ್ಡ ಅನ್ಯಾಯ. ‘ನೈಫ್’ ಅಂದರೆ ಮೊದಲು ‘ಕೆ’ ಯಾಕೆ? ‘ವಾಕ್’ ಅನ್ನೋದರಲ್ಲಿ ‘ಎಲ್’ ಏನು ಮಾಡುತ್ತಿದೆ? ‘ಅದು ಹಾಗೇ, ಬಾಯಿಪಾಠ ಮಾಡು’ ಅನ್ನಬೇಡಿ. ಅನ್ಯಾಯ ಅಂತ ಒಪ್ಪಿಕೊಂಡು, ಗೋಡೆಯ ಮೇಲೆ ‘ಸುಮ್ನೆ ಕೂತ ಅಕ್ಷರಗಳು’ ಅಂತ ಒಂದು ಚಾರ್ಟ್ ಹಾಕಿ. ಯಾರಿಗೆ ಅಂಥ ಪದ ಸಿಕ್ಕರೂ ಅಲ್ಲಿ ಬರೆದು ಹೆಸರು ಹಾಕಲಿ. ‘ಲಿಸನ್’ ಒಳಗೆ ‘ಟಿ’ ಬಚ್ಚಿಟ್ಟುಕೊಂಡಿದೆ ಅಂತ ಕಂಡುಹಿಡಿದವಳು ಒಂದು ವಾರ ಬೀಗುತ್ತಾ ಓಡಾಡಿದಳು.

ಉಚ್ಚಾರದ ವಿಷಯದಲ್ಲಿ ನಮ್ಮ ನಾಲಗೆಯ ಕೆಲವು ಗುಟ್ಟುಗಳನ್ನು ಮಕ್ಕಳಿಗೇ ಹೇಳಿಬಿಡಿ. ಕನ್ನಡದಲ್ಲಿ ಪದ ಸ್ವರದಲ್ಲಿ ಮುಗಿಯಬೇಕು, ಹಾಗಾಗಿ ಬಸ್ ‘ಬಸ್ಸು’, ಪೆನ್ ‘ಪೆನ್ನು’. ಎಕಾರದಿಂದ ಶುರುವಾದರೆ ‘ಯ’ ಸೇರಿಕೊಳ್ಳುತ್ತೆ, ಎಗ್ ‘ಯೆಗ್ಗು’. ಇದು ತಪ್ಪಲ್ಲ, ನಮ್ಮ ನುಡಿಯ ಗುಣ. ಕನ್ನಡ ಮಾತಾಡುವಾಗ ಬಸ್ಸು ಅಂತಲೇ ಅನ್ನಬೇಕು. ಇಂಗ್ಲಿಷ್ ವಾಕ್ಯದ ಒಳಗೆ ಬಂದಾಗ ಮಾತ್ರ ಬಾಲ ಕತ್ತರಿಸಬೇಕು. ಜೋಡಿಯಾಗಿ ಕೂರಿಸಿ, ಒಬ್ಬರು ಹೇಳಲಿ, ಒಬ್ಬರು ಬಾಲ ಕೇಳಿಸಿದರೆ ಮೇಜು ತಟ್ಟಲಿ. ಯಾರನ್ನೂ ಅಣಕಿಸಬಾರದು ಅನ್ನೋ ನಿಯಮ ಮೊದಲೇ ಮಾಡಿಕೊಳ್ಳಿ. ನಮ್ಮ ಕಡೆ ‘ಹಾಲು’ ‘ಆಲು’ ಆಗೋ ಮನೆಗಳಿವೆ, ಆ ಮಕ್ಕಳಿಗೆ ಕನ್ನಡದಲ್ಲೇ ಆದ ಗಾಯ ಸಾಕು.

ಏಳನೇ ಹೆಜ್ಜೆ: ಪರೀಕ್ಷೆ, ಮನೆಕೆಲಸ, ರೆಕಾರ್ಡಿಂಗ್

ಎಫ್‌ಎ (ವರ್ಷದ ನಡುವೆ ನಡೆಯುವ ಕಿರು ಪರೀಕ್ಷೆ) ಹತ್ತಿರ ಬಂದಾಗ ಗುಂಪಿಗೆ ಐದು ಪ್ರಶ್ನೆಯಂತೆ ಮಕ್ಕಳೇ ತಯಾರಿಸಲಿ. ಅದರಲ್ಲಿ ಕೆಲವನ್ನು ನಿಮ್ಮ ಪ್ರಶ್ನೆಪತ್ರಿಕೆಗೆ ಸೇರಿಸಿ, ಸೇರಿಸುತ್ತೇನೆ ಅಂತ ಮೊದಲೇ ಹೇಳಿ. ಸುಲಭದ್ದು ಕೊಡುತ್ತಾರೆ ಅಂದುಕೊಂಡಿದ್ದೆ. ಪಕ್ಕದ ಗುಂಪನ್ನು ಸೋಲಿಸಲು ಅವರು ಕೊಟ್ಟ ಪ್ರಶ್ನೆಗಳನ್ನು ನಾನೇ ಸ್ವಲ್ಪ ಇಳಿಸಬೇಕಾಯಿತು.

ಮನೆಕೆಲಸದಲ್ಲಿ ಮೂರು ಕೊಟ್ಟು ಒಂದನ್ನು ಆರಿಸಲು ಬಿಡಿ. ಅಷ್ಟೇ.

ನಿಮ್ಮ ಫೋನಿನಲ್ಲಿ ಜೂನಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಪ್ರತಿ ಮಗುವಿನ ಮಾತನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಎರಡನ್ನೂ ಆ ಮಗುವಿಗೇ ಕೇಳಿಸಿ, ‘ಏನು ಬದಲಾಗಿದೆ?’ ಅಂತ ಕೇಳಿ. ಮೊದಲನೆಯದನ್ನು ಕೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಇದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ನಮಗೆ ಮುದ್ದಾಗಿ ಕಂಡದ್ದು ಆ ಮಗುವಿಗೆ ಊರಲ್ಲೆಲ್ಲ ನಗೆಪಾಟಲು ಆಗಬಹುದು.

ತಿದ್ದುವ ವಿಷಯ. ಬರೆದದ್ದನ್ನು ಕೊಡುವಾಗ ಮೇಲೆ ಮೂಲೆಯಲ್ಲಿ ಮಗು ಬರೆಯಲಿ: ಇವತ್ತು ಏನು ನೋಡಬೇಕು, ಸ್ಪೆಲಿಂಗಾ, ನುಗ್ಗೋ ಪದವಾ, ದೊಡ್ಡಕ್ಷರವಾ. ಅದನ್ನಷ್ಟೇ ತಿದ್ದಿ. ಉಳಿದ ತಪ್ಪುಗಳನ್ನು ನೋಡಿಯೂ ನೋಡದ ಹಾಗೆ ಇರುವುದು ಕೆಂಪು ಪೆನ್ನು ಹಿಡಿದ ಕೈಗೆ ಕಷ್ಟ. ನನಗೆ ಈಗಲೂ ಕಷ್ಟ.

ಎಂಟನೇ ಹೆಜ್ಜೆ: ತಿಂಗಳ ಕೊನೆಯ ಮಾತುಕತೆ

ತಿಂಗಳ ಕೊನೆಯ ಶನಿವಾರ ಇಪ್ಪತ್ತು ನಿಮಿಷ ಎತ್ತಿಡಿ. ಎಲ್ಲರೂ ನೆಲದ ಮೇಲೆ ಸುತ್ತ ಕೂರಲಿ, ನೀವೂ. ಮೂರು ಪ್ರಶ್ನೆ, ಕನ್ನಡದಲ್ಲಿ: ಯಾವುದು ಚೆನ್ನಾಗಿತ್ತು? ಯಾವುದು ಬೋರಾಯ್ತು? ಮುಂದಿನ ತಿಂಗಳು ಏನು ಬೇಕು?

ಮೊದಲ ತಿಂಗಳು ‘ಎಲ್ಲಾ ಚೆನ್ನಾಗಿತ್ತು ಮಿಸ್’ ಅಂತ ಒಂದೇ ರಾಗ. ನಂಬಬೇಡಿ. ಎರಡನೇ ತಿಂಗಳು ಚೀಟಿ ಬರೆಸಿದೆ, ಹೆಸರಿಲ್ಲದೆ. ಒಂದು ಚೀಟಿಯಲ್ಲಿ ಇತ್ತು: ‘ಮಿಸ್ ನೀವೇ ಜಾಸ್ತಿ ಮಾತಾಡ್ತೀರ.’ ಅಕ್ಷರ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತೆ, ಗೊತ್ತಾಗದ ಹಾಗೆ ಇರಬೇಕು. ಕೋಪ ಬಂತು, ಸುಳ್ಳು ಹೇಳಲ್ಲ. ಸೋಮವಾರ ಫೋನಿನಲ್ಲಿ ನನ್ನದೇ ಪೀರಿಯಡ್ ರೆಕಾರ್ಡ್ ಮಾಡಿ ಕೇಳಿದೆ. ಆ ಚೀಟಿ ಬರೆದ ಮಗು ಹೇಳಿದ್ದು ಕಡಿಮೆಯೇ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು: ನಾನು ಐದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಮಾತಾಡಿದರೆ ಗಡಿಯಾರದ ಕೆಳಗೆ ಕೂತವರು ಕೈ ಎತ್ತಬಹುದು. ಆ ಜಾಗಕ್ಕೆ ಈಗ ಪೈಪೋಟಿ ಇದೆ.

ಕೇಳಿದ ಮೇಲೆ ಒಂದನ್ನಾದರೂ ಬದಲಾಯಿಸಿ, ಅದೂ ಮುಂದಿನ ಸೋಮವಾರವೇ. ಕೇಳಿ ಸುಮ್ಮನಾದರೆ ಮೂರನೇ ತಿಂಗಳು ಚೀಟಿಗಳು ಖಾಲಿ ಬರುತ್ತವೆ. ಆಗದ್ದನ್ನು ಆಗಲ್ಲ ಅಂತ ಕಾರಣ ಸಹಿತ ಹೇಳಿ. ‘ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕ್ರಿಕೆಟ್ ಆಡಿಸಿ’ ಅನ್ನೋ ಬೇಡಿಕೆ ಪ್ರತಿ ತಿಂಗಳೂ ಬರುತ್ತೆ. ಒಮ್ಮೆ ಕಾಮೆಂಟ್ರಿ ಹೇಳುವವರು ಇಂಗ್ಲಿಷಿನಲ್ಲೇ ಹೇಳಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿದೆ. ಆಟಕ್ಕಿಂತ ಕಾಮೆಂಟ್ರಿಯೇ ಜೋರಾಗಿತ್ತು.

ಮನೆಯವರಿಗೆ

ಪಾಲಕರ ಸಭೆಯಲ್ಲಿ ಅಂಕದ ಪಟ್ಟಿ ನಾವು ಓದುವ ಬದಲು, ಮಗುವೇ ತನ್ನ ಕಡತ ತೆಗೆದು ಅಪ್ಪ ಅಮ್ಮನಿಗೆ ಐದು ನಿಮಿಷ ತೋರಿಸಲಿ. ‘ನಮಗೆ ಇಂಗ್ಲಿಷ್ ಗೊತ್ತಿಲ್ಲ, ಏನು ನೋಡೋದು’ ಅಂತ ಬಾಗಿಲಲ್ಲೇ ನಿಲ್ಲುವ ತಾಯಂದಿರು ಇದ್ದಾರೆ. ಹಾಳೆ ಕನ್ನಡದಲ್ಲಿ ಇರುವುದು ಆಗ ಕೆಲಸಕ್ಕೆ ಬರುತ್ತೆ. ಅಮ್ಮ ಕನ್ನಡದ ಸಾಲು ಓದುತ್ತಾಳೆ, ಮಗು ಅದನ್ನು ಇಂಗ್ಲಿಷಿನಲ್ಲಿ ಮಾಡಿ ತೋರಿಸುತ್ತೆ. ಅಮ್ಮನಿಗೂ ಓದಲು ಬರದಿದ್ದರೆ ಮಗುವೇ ಎರಡನ್ನೂ ಮಾಡುತ್ತೆ. ಆ ಸಲ ಬಂದಿದ್ದ ಒಬ್ಬ ಅಜ್ಜಿ ಸೊಂಟದಿಂದ ಮಾತ್ರೆಯ ಹಾಳೆ ತೆಗೆದು ಮೊಮ್ಮಗಳ ಮುಂದೆ ಹಿಡಿದರು. ಸಭೆ ನಡೆಯುತ್ತಿದೆ ಅನ್ನೋದನ್ನೂ ಮರೆತು ಅವಳು ‘ಮಾರ್ಚ್’ ಅಂತ ಕೂಗಿದಳು.

ವರ್ಷದ ಕೊನೆಗೆ ಕಡತ ಮಗುವಿನ ಜೊತೆ ಮುಂದಿನ ತರಗತಿಗೆ ಹೋಗಬೇಕು. 5 ಮುಗಿಸಿ ಬೇರೆ ಶಾಲೆಗೆ ಹೋಗುವವರಿಗೆ ಕೈಗೇ ಕೊಡಿ, ಅಲ್ಲಿನ ಮೇಷ್ಟ್ರಿಗೆ ತೋರಿಸಲು ಹೇಳಿ. ಉಳಿದದ್ದನ್ನು ಬೇಸಿಗೆ ರಜದಲ್ಲಿ ಕಬ್ಬಿಣದ ಟ್ರಂಕಿನಲ್ಲಿ ಇಡಿ, ರಟ್ಟಿನ ಡಬ್ಬದಲ್ಲಿ ಬೇಡ. ಮೊದಲ ವರ್ಷ ನಮ್ಮ ಇಲಿಗಳು ಎರಡು ಕಡತ ಪೂರ್ತಿ ತಿಂದುಹಾಕಿದ್ದವು. ಕಡತ ಹೋದವನೊಬ್ಬ ಅಳುವ ಬದಲು ‘ರ‍್ಯಾಟ್ ಈಟ್ ಮೈ ಬುಕ್ ಮಿಸ್’ ಅಂದ. ಕಾಲ ತಪ್ಪಿತ್ತು, ನುಗ್ಗೋ ಪದ ಮಾತ್ರ ಸರಿಯಾದ ಜಾಗದಲ್ಲೇ ಇತ್ತು.